ಮುಖಪುಟ ಮೊದಲು, ರಾಗ ಆಮೇಲೆ

ಸೈಕೆಡೆಲಿಕ್ ಆಲ್ಬಮ್, ಅಂದರೆ ಅಮಲಿನ ಕನಸಿನಂಥ ಸಂಗೀತದ ಆಲ್ಬಮ್, ಮಾಡಲು ಮೊದಲು ಬೇಕಾದವನು ದರ್ಜಿ. ಹಾಡು ಹೇಗೋ ಆಗುತ್ತದೆ. 1967ರಲ್ಲಿ ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ಈ ಸೂತ್ರವನ್ನು ಶಾಸ್ತ್ರೋಕ್ತವಾಗಿ ಪಾಲಿಸಿತು. ಆ ಬೇಸಿಗೆಯಲ್ಲಿ ಬೀಟಲ್ಸ್‌ನವರ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ ಲೋಕವನ್ನೇ ಮರುಳು ಮಾಡಿತ್ತು. ಡಿಸೆಂಬರ್ 8ಕ್ಕೆ ಸ್ಟೋನ್ಸ್‌ನವರ ‘ದೇರ್ ಸೆಟಾನಿಕ್ ಮೆಜೆಸ್ಟೀಸ್ ರಿಕ್ವೆಸ್ಟ್’ ಹಾಜರ್. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತು ಅನ್ನೋಣವೆಂದರೆ ಇವರೂ ಹುಲಿಗಳೇ. ಬೇಜಾರು ಅದಕ್ಕೇ.

ಮುಖಪುಟಕ್ಕೆ ಪಟ್ಟ ಶ್ರಮ ನೋಡಿ. ಪೆಪ್ಪರ್ಸ್ ಚಿತ್ರ ತೆಗೆದ ಮೈಕೆಲ್ ಕೂಪರ್ ಅವರನ್ನೇ ಹಿಡಿದರು. ನ್ಯೂಯಾರ್ಕಿಗೆ ಹೋಗಿ ಕೈಯಾರೆ ಸೆಟ್ ಕಟ್ಟಿದರು, ಗಾಯಕ ಮಿಕ್ ಜ್ಯಾಗರ್ ತಲೆಗೆ ಮಂತ್ರವಾದಿಯ ಚೂಪು ಟೊಪ್ಪಿಗೆ, ಮೈಗೆ ನಿಲುವಂಗಿ ಏರಿತು. ಚಿತ್ರ ಲೆಂಟಿಕ್ಯುಲರ್: ಬೇರೆಬೇರೆ ಕೋನದ ಚಿತ್ರಗಳನ್ನು ಸಣ್ಣ ಪಟ್ಟಿಗಳಾಗಿ ಸೀಳಿ, ಒಂದರ ಪಕ್ಕ ಒಂದು ಹೊಂದಿಸಿ, ಮೇಲೆ ಗೆರೆಗೆರೆಯ ಪ್ಲಾಸ್ಟಿಕ್ ಹಾಳೆ ಹೊದಿಸುವುದು. ಎರಡು ಕಣ್ಣಿಗೂ ಬೇರೆ ಪಟ್ಟಿ ಕಾಣುವುದರಿಂದ ಆಳ ಹುಟ್ಟುತ್ತದೆ. ಕವರು ಓರೆ ಮಾಡಿದರೆ ಮುಖಗಳು ತಿರುಗುತ್ತವೆ. ಇಡೀ ಕವರಿಗೆ ಇದನ್ನೇ ಹಾಕುವ ಆಸೆಯಿತ್ತು, ಖರ್ಚು ಬಿಡಲಿಲ್ಲ. ಚಿಕ್ಕದು ಮಾಡಿ ಅಂಟಿಸಿದರು. ಒಳಪುಟದಲ್ಲೊಂದು ಚಕ್ರವ್ಯೂಹ ಬೇರೆ, ಅದರಲ್ಲಿ ನಡುವಿನ ಗುರಿ ತಲುಪುವ ದಾರಿಯೇ ಇಲ್ಲ. ಖರೀದಿಸಿದವರಿಗೆ ಇಷ್ಟು ಪ್ರಾಮಾಣಿಕವಾದ ಮುನ್ಸೂಚನೆ ಯಾವ ಕಂಪನಿಯೂ ಕೊಟ್ಟಿರಲಿಕ್ಕಿಲ್ಲ.

ಇನ್ನು ಸಂಗೀತ. ತಂಡದ ಬ್ರಯಾನ್ ಜೋನ್ಸ್ ಕೈಗೆ ಮೆಲ್ಲೋಟ್ರಾನ್ ಎಂಬ ಕೀಬೋರ್ಡ್ ವಾದ್ಯ ಸಿಕ್ಕಿತ್ತು. ಅದರ ಒಂದೊಂದು ಕೀ ಕೆಳಗೂ ಒಂದೊಂದು ಟೇಪಿನ ತುಂಡು. ಕೀ ಒತ್ತಿದರೆ ಟೇಪು ತಿರುಗುವ ಉರುಳೆಗೂ ಧ್ವನಿ ಓದುವ ಹೆಡ್ಡಿಗೂ ತಾಗಿ, ಮೊದಲೇ ಧ್ವನಿಮುದ್ರಿಸಿದ ಪಿಟೀಲೋ ಕೊಳಲೋ ಕೇಳುತ್ತದೆ. ಸುಮಾರು 8 ಸೆಕೆಂಡಿಗೆ ಟೇಪು ಖಾಲಿ. ಬೆರಳೆತ್ತಿದರೆ ಸ್ಪ್ರಿಂಗು ಹಿಂದಕ್ಕೆಳೆಯುತ್ತದೆ, ಮತ್ತೆ ಒತ್ತಬೇಕು. ಒಟ್ಟಿಗೆ ಹೆಚ್ಚು ಕೀ ಒತ್ತಿದರೆ ಮೋಟಾರು ತಿಣುಕಿ ಶ್ರುತಿ ಇಳಿಯುತ್ತದೆ. ಹಾಗಾಗಿ ಇದಕ್ಕೆ ಬೇಕಾದದ್ದು ಎಣಿಸಿ ನುಡಿಸುವ ಚಿಕ್ಕ ಚಿಕ್ಕ ಸ್ವರಗುಚ್ಛ. ‘2000 ಲೈಟ್ ಇಯರ್ಸ್ ಫ್ರಮ್ ಹೋಮ್’ ಇವತ್ತಿಗೂ ಮೈ ಜುಮ್ಮೆನ್ನಿಸುವುದು ಅದಕ್ಕೇ: ಕೆಳಗೆ ತಾಳ ಅಲುಗುವುದಿಲ್ಲ, ಮೇಲೆ ಮೆಲ್ಲೋಟ್ರಾನ್ ಬಂದು ಹೋಗುತ್ತಿರುತ್ತದೆ.

ಅಲುಗದ ತಾಳ ಬೇಡವೆನ್ನುವವರಿಗೆ ಇನ್ನೊಂದು ವಿಧಾನವಿದೆ. ಸ್ಟುಡಿಯೋಕ್ಕೆ ಸ್ನೇಹಿತರನ್ನೆಲ್ಲ ಕರೆಯಿರಿ, ಕೈಗೆ ಸಿಕ್ಕಿದ್ದನ್ನು ಬಾರಿಸಲು ಬಿಡಿ, ಟೇಪು ನಿಲ್ಲಿಸಬೇಡಿ. ಮೊದಲ ಬದಿಯ ಕೊನೆಯಲ್ಲಿ ಎಂಟೂವರೆ ನಿಮಿಷ ನಡೆಯುವುದು ಇದೇ. ಹಾಡಿನ ಹೆಸರಿನ ಬಾಲದಲ್ಲೇ ‘ಏನಾಗುತ್ತೋ ನೋಡಿ’ ಎಂದಿದೆ. ಆಗಿದ್ದೇನೂ ಇಲ್ಲ.

‘ಸಾಕು, ಕತ್ತರಿಸಿ’ ಅನ್ನಬೇಕಾದ ನಿರ್ಮಾಪಕ ಆಂಡ್ರ್ಯೂ ಲೂಗ್ ಓಲ್ಡ್‌ಹ್ಯಾಮ್ ನಡುವೆಯೇ ಕೈಕೊಡವಿ ಎದ್ದುಹೋಗಿದ್ದರು. ಜ್ಯಾಗರ್, ಗಿಟಾರಿನ ಕೀತ್ ರಿಚರ್ಡ್ಸ್ ಮಾದಕವಸ್ತು ಕೇಸಿನಲ್ಲಿ ಕೋರ್ಟು ಅಲೆಯುತ್ತಿದ್ದರು. ಯಾವ ರಾತ್ರಿ ಯಾರು ಬರುತ್ತಾರೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಅಂಥದೊಂದು ರಾತ್ರಿ ಬಾಸ್ ನುಡಿಸುವ ಬಿಲ್ ವೈಮನ್ ಇದ್ದಬದ್ದವರನ್ನು ಕೂರಿಸಿಕೊಂಡು ತಮ್ಮದೇ ಹಾಡು ಮುಗಿಸಿದರು. ಸ್ನೇಹಿತರು ಅದರ ಕೊನೆಗೆ ಅವರ ಗೊರಕೆಯನ್ನೇ ಅಂಟಿಸಿದರು. ಇಡೀ ಆಲ್ಬಮಿನಲ್ಲಿ ಲಯ ತಪ್ಪದ ಪ್ರಯೋಗ ಬಹುಶಃ ಆ ಗೊರಕೆಯೇ.

‘ಶೀಸ್ ಎ ರೈನ್‌ಬೋ’ ಮಾತ್ರ ಉಳಿಯಿತು. ಅದರ ಪಿಯಾನೋ ನಿಕಿ ಹಾಪ್ಕಿನ್ಸ್ ಅವರದು, ತಂತಿವಾದ್ಯಗಳ ಸಂಯೋಜನೆ ಮುಂದೆ ಲೆಡ್ ಜೆಪ್ಲಿನ್ ತಂಡ ಸೇರಿದ ಜಾನ್ ಪಾಲ್ ಜೋನ್ಸ್ ಅವರದು. ಅಂದರೆ ಟೊಪ್ಪಿಗೆ ಹಾಕಿಕೊಳ್ಳದೆ ಸುಮ್ಮನೆ ಕೆಲಸ ಮಾಡಿದವರದು. 1999ರಲ್ಲಿ ಆಪಲ್ ಕಂಪನಿ ಬಣ್ಣಬಣ್ಣದ ಐಮ್ಯಾಕ್ ಮಾರಲು ಇದೇ ಹಾಡು ಬಳಸಿತು. ಮನಸ್ಸಿನ ಬಾಗಿಲು ತೆರೆಯಲು ಹೊರಟದ್ದು ಕೊನೆಗೆ ಕಂಪ್ಯೂಟರ್ ಅಂಗಡಿಯ ಬಾಗಿಲು ತೆರೆಯಿತು.

ಮುಂದಿನ ವರ್ಷವೇ ಸ್ಟೋನ್ಸ್ ತೆಪ್ಪಗೆ ತಾವು ಶುರು ಮಾಡಿದ್ದ ಬ್ಲೂಸ್ ಸಂಗೀತಕ್ಕೆ ಮರಳಿದರು. ನಿಲುವಂಗಿ ಕಳಚಿಡದವರು ಸಂಗ್ರಾಹಕರು. ಹಳೇ ಪ್ರತಿ ಕೈಗೆ ಬಂದರೆ ಮೊದಲು ತಡಕುವುದು ಪ್ಲಾಸ್ಟಿಕ್ ಚಿತ್ರಕ್ಕೆ ಗೀರು ಬಿದ್ದಿದೆಯೋ ಎಂದು. ಒಳಗೆ ರೆಕಾರ್ಡು ಇದೆಯೋ ಎನ್ನುವುದು ಆಮೇಲಿನ ವಿಚಾರ. ಈ ಭಕ್ತಿಗೆ ಮೆಚ್ಚಿ 2017ರಲ್ಲಿ ಐವತ್ತನೇ ವರ್ಷದ ಆವೃತ್ತಿ ಬಂತು. ಅಲುಗಾಡುವ ಚಿತ್ರ ಮರಳಿತು, ಜತೆಗೆ ಮಾನೋ ಮತ್ತು ಸ್ಟೀರಿಯೋದಲ್ಲಿ ಎರಡು ಎಲ್‌ಪಿ, ಎರಡು ಸಿಡಿ. ಎಂಟೂವರೆ ನಿಮಿಷದ ಆ ಗದ್ದಲ ಈಗ ಒಂದೇ ಡಬ್ಬಿಯಲ್ಲಿ ನಾಲ್ಕು ಸಲ, ಒಟ್ಟು 34 ನಿಮಿಷ.