ಆಸ್ಪತ್ರೆಯ ಸಾವು: ಮೊದಲ ಪ್ರಶ್ನೆ ಕೇಳಬೇಕಾದವರು ಯಾರು?

ಆಸ್ಪತ್ರೆಯಲ್ಲಿ ಮನೆಯವರೊಬ್ಬರು ತೀರಿಕೊಂಡಾಗ 'ಏನಾಯಿತು' ಎಂದು ಕೇಳುವುದು ನಮ್ಮ ಹಾಸನ ಜಿಲ್ಲೆಯಲ್ಲಿ ಜಗಳಕ್ಕೆ ನಿಂತಂತೆ. ನಾನು ಬಹುಕಾಲದಿಂದ ನೆಲೆಸಿರುವ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅದೇ ಪ್ರಶ್ನೆಯನ್ನು ಸಂಬಳ ಪಡೆಯುವ ಅಧಿಕಾರಿಯೊಬ್ಬರು ಮನೆಯವರಿಗಿಂತ ಮೊದಲೇ ಕೇಳಿರುತ್ತಾರೆ. ಊರಿಗೆ ಹೋದಾಗಲೆಲ್ಲ ಜನ 'ನಿಮ್ಮಲ್ಲಿ ಪರಿಹಾರ ಕೋಟಿಗಟ್ಟಲೆ ಸಿಗುತ್ತದಂತೆ' ಎನ್ನುತ್ತಾರೆ. ಹಣದ ವ್ಯತ್ಯಾಸ ಇದ್ದೇ ಇದೆ, ಆದರೆ ನನಗೆ ಅದು ಎರಡನೆಯ ಮಾತು.

ವೈದ್ಯರ ನಿರ್ಲಕ್ಷ್ಯವನ್ನು ಅಳೆಯುವ ಕೋಲು ಎರಡೂ ದೇಶಗಳಲ್ಲಿ ಹೆಚ್ಚುಕಡಿಮೆ ಒಂದೇ. ಅದೇ ಕೌಶಲದ ಇತರ ವೈದ್ಯರು ಒಪ್ಪಬಹುದಾದ ರೀತಿಯಲ್ಲಿ ಚಿಕಿತ್ಸೆ ನಡೆದಿತ್ತೇ ಎಂಬ ಪರೀಕ್ಷೆಯನ್ನು ಇಂಗ್ಲೆಂಡಿನ ನ್ಯಾಯಾಲಯ 1957ರ ಬೋಲಮ್ ಪ್ರಕರಣದಲ್ಲಿ ರೂಪಿಸಿತು. ನಮ್ಮ ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದ ತೀರ್ಪಿನಲ್ಲಿ ಅದನ್ನೇ ಎತ್ತಿಹಿಡಿದು, ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಬೇಕಾದರೆ ನಿರ್ಲಕ್ಷ್ಯವು ಘೋರವಾಗಿರಬೇಕೆಂದು ಹೇಳಿತು. ಹಾಗಾಗಿ ನಮ್ಮಲ್ಲಿ ಕಾನೂನಿಲ್ಲ ಎಂಬ ದೂರಿನಲ್ಲಿ ಹುರುಳಿಲ್ಲ.

ಸಕಲೇಶಪುರದ ಕಡೆಯ ನನ್ನ ಚಿಕ್ಕಪ್ಪ ಪಿತ್ತಕೋಶದ ಕಲ್ಲಿಗೆಂದು ಹಾಸನದ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡಿಸಿಕೊಂಡರು. ಆನಂತರ ಹೊಟ್ಟೆ ಉಬ್ಬಿತು, ಜ್ವರ ಬಂತು. ಕೇಳಿದಾಗಲೆಲ್ಲ 'ಗ್ಯಾಸ್, ಇಳಿದುಹೋಗುತ್ತೆ' ಎಂಬ ಉತ್ತರ. ಕೊನೆಗೊಂದು ರಾತ್ರಿ ವೈದ್ಯರೇ ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಹೊರಡುವ ಹೊತ್ತಿಗೆ ಚಿಕ್ಕಮ್ಮನ ಮುಂದೆ ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಯೊಂದು ಬಂತು. ಸಹಿ ಮಾಡಬೇಕಾದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿತ್ತು. ವೈದ್ಯರ ಸಲಹೆಗೆ ವಿರುದ್ಧವಾಗಿ, ಸ್ವಇಚ್ಛೆಯಿಂದ ರೋಗಿಯನ್ನು ಕರೆದೊಯ್ಯುತ್ತಿದ್ದೇವೆ ಎಂಬುದು ಅದರ ಒಕ್ಕಣೆಯೆಂದು ನಮಗೆ ತಿಳಿದದ್ದು ತಿಂಗಳುಗಳ ಬಳಿಕ. 'ಆಂಬುಲೆನ್ಸ್ ಸ್ಟಾರ್ಟ್ ಆಗಿ ನಿಂತಿತ್ತು ಕಣಪ್ಪ, ಓದಿಸಿಕೊಳ್ಳೋಕೆ ಹೊತ್ತೆಲ್ಲಿತ್ತು' ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದರು. ಚಿಕ್ಕಪ್ಪ ಮೈಸೂರು ತಲುಪಿ ಮರುದಿನ ತೀರಿಕೊಂಡರು.

ಪೋಸ್ಟ್‌ಮಾರ್ಟಮ್ ಮಾಡಿಸೋಣವೇ ಎಂದು ತಮ್ಮನೊಬ್ಬ ಕೇಳಿದ್ದಕ್ಕೆ 'ಇನ್ನೂ ಕುಯ್ಯಿಸಬೇಕಾ ಅವರನ್ನ' ಎಂದು ಹಿರಿಯರು ಗದರಿದರು. ಹೊತ್ತು ಮುಳುಗುವುದರೊಳಗೆ ತೋಟದಲ್ಲೇ ದಹನವಾಯಿತು. ಸಾವಿನ ಕಾರಣವನ್ನು ಖಚಿತವಾಗಿ ಹೇಳಬಲ್ಲ ಸಾಕ್ಷಿಯೂ ಅದರೊಂದಿಗೆ ಹೋಯಿತು. ತಿಥಿಯೂಟ ಮುಗಿಯುವ ಮೊದಲೇ ಊರಿನ ಗಣ್ಯರೊಬ್ಬರು ರಾಜಿಯ ಮಾತು ತಂದರು: ಬಾಕಿ ಬಿಲ್ ಬಿಟ್ಟುಬಿಡುತ್ತಾರೆ, ಮೇಲೊಂದಿಷ್ಟು ಕೊಡುತ್ತಾರೆ, ಯಾರೂ ಎಲ್ಲಿಗೂ ಹೋಗಬಾರದು. ಒಬ್ಬ ಸೋದರಳಿಯ ಆಸ್ಪತ್ರೆಯ ಗಾಜು ಒಡೆಯಲು ಹುಡುಗರನ್ನು ಸೇರಿಸುತ್ತಿದ್ದ. ಕಲ್ಲು ಅಥವಾ ರಾಜಿ, ಇವೆರಡರ ನಡುವೆ ಮೂರನೆಯ ದಾರಿ ಇದೆಯೆಂದು ಅಲ್ಲಿದ್ದ ಯಾರಿಗೂ ತೋಚಲಿಲ್ಲ. ಚಿಕ್ಕಮ್ಮ ಕೇಳುತ್ತಿದ್ದದ್ದು ಒಂದೇ: ಗ್ಯಾಸ್ ಎಂದರಲ್ಲ, ಅದು ನಿಜವಾಗಿ ಏನಾಗಿತ್ತು?

ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಚಿಕ್ಕಮ್ಮನ ಪಾಲಿಗೆ ಬರುತ್ತಿರಲಿಲ್ಲ. 2024ರ ಸೆಪ್ಟೆಂಬರ್‌ನಿಂದ ಅಲ್ಲಿ, ಕೊರೋನರ್ (ಸಂಶಯಾಸ್ಪದ ಅಥವಾ ಅಸಹಜ ಸಾವಿನ ಕಾರಣ ವಿಚಾರಿಸುವ ನ್ಯಾಯಾಧಿಕಾರಿ) ತನಿಖೆಗೆ ಹೋಗದ ಪ್ರತಿಯೊಂದು ಸಾವಿನ ದಾಖಲೆಯನ್ನೂ ಆ ರೋಗಿಯ ಚಿಕಿತ್ಸೆಯಲ್ಲಿ ಪಾಲಿಲ್ಲದ ಇನ್ನೊಬ್ಬ ವೈದ್ಯರು ಪರಿಶೀಲಿಸುವುದು ಕಡ್ಡಾಯವಾಗಿದೆ. ಅವರ ಕಚೇರಿ ಮನೆಯವರಿಗೆ ಕರೆ ಮಾಡಿ ಚಿಕಿತ್ಸೆಯ ಬಗ್ಗೆ ನಿಮಗೇನಾದರೂ ಸಂಶಯವಿದೆಯೇ ಎಂದು ಕೇಳುತ್ತದೆ. ಅನುಮಾನ ಉಳಿದರೆ ವಿಷಯ ಕೊರೋನರ್ ಬಳಿಗೆ ಹೋಗುತ್ತದೆ. ಸತ್ತವರು ಯಾರು, ಎಲ್ಲಿ, ಯಾವಾಗ, ಹೇಗೆ ಸತ್ತರು ಎಂಬುದಷ್ಟನ್ನೇ ಕೊರೋನರ್ ನಿರ್ಣಯಿಸಬೇಕು, ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ. ನನ್ನ ನೆರೆಮನೆಯ ಗುಜರಾತಿ ಗೃಹಸ್ಥರು ತಾಯಿಯನ್ನು ಕಳೆದುಕೊಂಡಾಗ ಅಂಥ ವಿಚಾರಣೆಯಲ್ಲಿ ವಕೀಲರಿಲ್ಲದೆ ತಾವೇ ಎದ್ದುನಿಂತು, ತಜ್ಞ ವೈದ್ಯರನ್ನು 'ರಕ್ತಪರೀಕ್ಷೆಯ ವರದಿಯನ್ನು ನೀವು ಎಷ್ಟು ಗಂಟೆಗೆ ನೋಡಿದಿರಿ' ಎಂದು ಕೇಳಿದರು. ವೈದ್ಯರು ದಾಖಲೆ ತಿರುವಿ ಸಮಯ ಹೇಳಬೇಕಾಯಿತು. ಅಂತ್ಯಕ್ರಿಯೆ ಬಹಳ ದಿನ ತಡವಾದದ್ದು ಮಾತ್ರ ಆ ಕುಟುಂಬಕ್ಕೆ ಇಂದಿಗೂ ನೋವು, ಮತ್ತು ಆ ನೋವನ್ನು ನಾನು ಸಣ್ಣದೆನ್ನಲಾರೆ.

ಈ ವ್ಯವಸ್ಥೆಯೇನೂ ಆ ಸಮಾಜದ ಸದ್ಗುಣದಿಂದ ತಾನಾಗಿ ಹುಟ್ಟಿದ್ದಲ್ಲ. ಹೆರಾಲ್ಡ್ ಶಿಪ್‌ಮನ್ ಎಂಬ ವೈದ್ಯ ತನ್ನ ರೋಗಿಗಳನ್ನೇ ಸಾಲುಸಾಲಾಗಿ ಕೊಂದು, ಮರಣಪತ್ರಗಳಿಗೆ ತಾನೇ ಸಹಿ ಹಾಕಿದ್ದು ಬಯಲಾದ ಮೇಲೆ ಅಲ್ಲಿನವರಿಗೆ ಎಚ್ಚರವಾಯಿತು. ಪರಿಹಾರದ ವಿಷಯದಲ್ಲಂತೂ ಅವರ ಕಾನೂನು ಕೆಲವೆಡೆ ನಮ್ಮದಕ್ಕಿಂತ ಜಿಪುಣ. ಆಪ್ತರ ಅಗಲಿಕೆಯ ದುಃಖಕ್ಕೆಂದು ನಿಗದಿಯಾಗಿರುವ 15,120 ಪೌಂಡ್ ಸಿಗುವುದು ಸಂಗಾತಿಗೆ, ಇಲ್ಲವೇ ಅಪ್ರಾಪ್ತ ಮಗುವನ್ನು ಕಳೆದುಕೊಂಡ ತಂದೆತಾಯಿಗೆ ಮಾತ್ರ. ಮುಪ್ಪಿನ ತಾಯಿಯನ್ನು ಕಳೆದುಕೊಂಡ ಮಗನಿಗೆ ಆ ಬಾಬ್ತಿನಲ್ಲಿ ಬಿಡಿಗಾಸೂ ಇಲ್ಲ.

ನಮ್ಮ ಕಾನೂನಿನ ಕಾಗದವನ್ನು ಬಿಡಿಸಿ ನೋಡಿದರೆ ಅದೆಷ್ಟು ಉದಾರವಾಗಿದೆ! ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಸತ್ತವರ ವಾರಸುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷ ರೂಪಾಯಿಗಳೊಳಗಿದ್ದರೆ ಶುಲ್ಕವೇ ಇಲ್ಲ. ಕೇಸ್ ಶೀಟಿನ ಪ್ರತಿಯನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲಿದೆ. ಇಷ್ಟಿದ್ದೂ ದೊಡ್ಡದೊಂದು ಕಂದರ ಉಳಿದಿದೆ: ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ ಈ ಕಾನೂನಿನ ಹೊರಗಿದೆ, ನೋಂದಣಿಯ ಚೀಟಿಗೆ ಕೊಡುವ ಪುಡಿಗಾಸು ಲೆಕ್ಕಕ್ಕಿಲ್ಲ. ಹಣ ಕಟ್ಟಲಾರದ ತೋಟದ ಕೂಲಿಯವನ ಹೆಂಡತಿಗೆ ಸಿವಿಲ್ ಕೋರ್ಟೊಂದೇ ಗತಿ. ಇಂಗ್ಲೆಂಡಿನಲ್ಲಿ ಉಚಿತ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯ ಮೇಲೂ ಎಲ್ಲರಂತೆ ದಾವೆ ಹೂಡಬಹುದು.

ಹೊರದೇಶದಲ್ಲಿರುವ ನಮ್ಮಂಥವರು ಕೂಡಲೇ ಕುನಾಲ್ ಸಹಾ ಅವರ ಹೆಸರೆತ್ತುತ್ತೇವೆ. 1998ರಲ್ಲಿ ಕೋಲ್ಕತ್ತದ ಆಸ್ಪತ್ರೆಯಲ್ಲಿ ನಡೆದ ತಪ್ಪು ಚಿಕಿತ್ಸೆಯಿಂದ ಪತ್ನಿಯನ್ನು ಕಳೆದುಕೊಂಡ ಅವರಿಗೆ ಸುಪ್ರೀಂ ಕೋರ್ಟ್ 2013ರಲ್ಲಿ ಸುಮಾರು 6 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಆದರೆ ಅವರು ಸ್ವತಃ ಅಮೆರಿಕದಲ್ಲಿದ್ದ ವೈದ್ಯರು, ಕೇಸ್ ಶೀಟನ್ನು ಓದಬಲ್ಲವರು. ಅವರಿಗೇ ಹದಿನೈದು ವರ್ಷ ಬೇಕಾದ ಹೋರಾಟವನ್ನು ಚಿಕ್ಕಮ್ಮನ ಮುಂದಿಟ್ಟು 'ನೋಡಿ, ಸಾಧ್ಯವಿದೆ' ಎನ್ನಲು ನನಗೆ ನಾಲಗೆ ಬರುವುದಿಲ್ಲ. ಅದೂ ಅಲ್ಲದೆ, ನಮ್ಮಂಥ ಊರುಗಳಲ್ಲಿ ಒಬ್ಬ ಸರ್ಜನ್ ವಿರುದ್ಧ ಇನ್ನೊಬ್ಬ ಸರ್ಜನ್ ಅಭಿಪ್ರಾಯ ಬರೆದುಕೊಡುವುದಿಲ್ಲ, ಮತ್ತು ದೂರು ಕೊಟ್ಟವರು ನಾಳೆ ಎದೆನೋವೆಂದರೆ ಅದೇ ಬಾಗಿಲಿಗೆ ಹೋಗಬೇಕು. ವೈದ್ಯರ ಭಯವೂ ಸುಳ್ಳಲ್ಲ. ಗಾಜು ಒಡೆಯುವವರು ಬರುತ್ತಾರೆಂದು ಗೊತ್ತಿದ್ದರೆ ಯಾವ ವೈದ್ಯರು ತಾನೇ 'ಇಲ್ಲಿ ಎಡವಿದೆವು' ಎಂದಾರು?

ಸಾವಿನ ಪರಿಶೀಲನೆ ನಮಗೆ ಹೊಸದೂ ಅಲ್ಲ. ಹೆರಿಗೆಯಲ್ಲಿ ಅಥವಾ ಬಾಣಂತನದಲ್ಲಿ ಹೆಣ್ಣುಮಗಳು ಸತ್ತರೆ ಪ್ರತಿ ಜಿಲ್ಲೆಯಲ್ಲೂ ಆ ಸಾವಿನ ವಿವರ ಸಂಗ್ರಹಿಸಿ, ಜಿಲ್ಲಾಧಿಕಾರಿಯವರೆಗೂ ತಂದು ವಿಮರ್ಶಿಸುವ ಪದ್ಧತಿ ಈಗಾಗಲೇ ಇದೆ. ಮನೆಯವರ ಮಾತನ್ನೂ ಕೇಳಬೇಕೆಂಬುದು ಅದರ ಭಾಗ. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಸರ್ಕಾರ ತಜ್ಞರ ಸಮಿತಿಯಿಂದ ಅವನ್ನು ಪರಿಶೀಲನೆ ಮಾಡಿಸಿತು. ಸುದ್ದಿಯಾದ ಸಾವಿಗೆ ಮಾಡಬಹುದಾದದ್ದನ್ನು ಆಪರೇಷನ್ ಆಗಿ ತಿಂಗಳೊಳಗೆ ಸಂಭವಿಸುವ ಸಾವುಗಳಿಗೂ, ಸರ್ಕಾರಿ ಖಾಸಗಿ ಎನ್ನದೆ, ಕಡ್ಡಾಯ ಮಾಡಬಹುದು. ಖಾಸಗಿ ಆಸ್ಪತ್ರೆಗಳ ಕುಂದುಕೊರತೆ ಕೇಳಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಅದಕ್ಕೆ ಬೇರೆ ಜಿಲ್ಲೆಯ ಇಬ್ಬರು ತಜ್ಞರನ್ನು ಸೇರಿಸಿ, ವರದಿಯನ್ನು ಕನ್ನಡದಲ್ಲಿ ಬರೆಸಿ ಮನೆಯವರ ಕೈಗೆ ಕೊಡಬೇಕು. ಅಲ್ಲಿ ಆಡಿದ ಮಾತು ನಾಳೆ ಆಯೋಗದಲ್ಲಿ ತಮಗೇ ಮುಳುವಾಗುತ್ತದೆ ಎಂದು ಆಸ್ಪತ್ರೆಗಳು ತಕರಾರು ತೆಗೆಯುವುದು ಖಂಡಿತ. ಕ್ಷಮೆ ಕೇಳಿದ್ದನ್ನೇ ನಿರ್ಲಕ್ಷ್ಯದ ಒಪ್ಪಿಗೆಯೆಂದು ಪರಿಗಣಿಸುವಂತಿಲ್ಲ ಎಂಬ ಒಂದು ಸಾಲು ಇಂಗ್ಲೆಂಡಿನ 2006ರ ಪರಿಹಾರ ಕಾಯ್ದೆಯಲ್ಲಿದೆ. ಅಲ್ಲಿಂದ ನಾವು ಎರವಲು ತರಬೇಕಾದದ್ದು ಸದ್ಯಕ್ಕೆ ಅದೊಂದನ್ನೇ.