ಮಕ್ಕಳಿಗೆ ಎಲ್‌ಎಂಎ: ತಿರುಗಿಸಿ ಹಾಕಬೇಕಾ, ನೇರವಾಗಿ ಹಾಕಬೇಕಾ?

(ಎಲ್‌ಎಂಎ, ಅಂದರೆ ಲ್ಯಾರಿಂಜಿಯಲ್ ಮಾಸ್ಕ್: ಆಪರೇಷನ್ ವೇಳೆ ಉಸಿರು ಕೊಡಲು ಬಾಯಿಯಿಂದ ಗಂಟಲಿಗೆ ಇಳಿಸುವ, ತುದಿಯಲ್ಲಿ ಬಟ್ಟಲಿನಂಥ ಮಾಸ್ಕ್ ಇರುವ ಕೊಳವೆ.)

ಪರ: ತಿರುಗಿಸಿಯೇ ಹಾಕಿ
(ದಾವಣಗೆರೆಯ ಅರಿವಳಿಕೆ ವೈದ್ಯೆ)

ಮೊದಲು ಆ ಹುಡುಗನ ವಿಷಯ ಹೇಳಿಬಿಡುತ್ತೇನೆ. ಜಗಳೂರು ಕಡೆಯವನು, ಮೂರು ವರ್ಷ, ತೂಕ 12 ಕೆಜಿ, ಹರ್ನಿಯಾ ಆಪರೇಷನ್. ನಾನಾಗ ಪಿಜಿ ಓದುತ್ತಿದ್ದೆ. 2ನೇ ಸೈಜಿನ ಎಲ್‌ಎಂಎ ತಗೊಂಡು, ಕಲಿಸಿದ ಹಾಗೆ ಅದರ ಅಂಚಿನ ಗಾಳಿ ತುಂಬುವ ಉಂಗುರದ (ಕಫ್) ಗಾಳಿಯೆಲ್ಲ ತೆಗೆದು, ತೋರುಬೆರಳಿನಿಂದ ಅಂಗುಳಕ್ಕೆ ಒತ್ತಿ ನೇರವಾಗಿ ತಳ್ಳಿದೆ. ಗಂಟಲಿನ ತಿರುವಿನಲ್ಲಿ ತುದಿ ಮಡಚಿಕೊಂಡಿತು. ಇನ್ನೊಮ್ಮೆ ತಳ್ಳಿದೆ. ಅಷ್ಟರಲ್ಲಿ ಮಾನಿಟರಿನ ಸದ್ದು ಇಳಿಯತೊಡಗಿತು, ಆಕ್ಸಿಜನ್ 84. ತೂಕದ ಲೆಕ್ಕದಲ್ಲಿ ಮಕ್ಕಳಿಗೆ ದೊಡ್ಡವರ ಹೆಚ್ಚುಕಡಿಮೆ ಎರಡರಷ್ಟು ಆಕ್ಸಿಜನ್ ಬೇಕು, ಹಾಗಾಗಿ ಯೋಚನೆ ಮಾಡುತ್ತಾ ನಿಲ್ಲುವುದಕ್ಕೆ ಪುರುಸೊತ್ತೇ ಇರುವುದಿಲ್ಲ. ಹೊರಗೆ ತೆಗೆದು ಫೇಸ್ ಮಾಸ್ಕ್‌ನಲ್ಲಿ ಉಸಿರು ಕೊಟ್ಟೆ. ಎಲ್‌ಎಂಎ ತುದಿಯಲ್ಲಿ ರಕ್ತ. ಪಕ್ಕದಲ್ಲಿದ್ದ ಸೀನಿಯರ್ ಮೇಡಂ "ತಿರುಗಿಸಿ ಹಾಕಮ್ಮ" ಅಂದರು. ಎಲ್‌ಎಂಎಯ ಬಟ್ಟಲಿನಂಥ ಮುಖವನ್ನು ಅಂಗುಳದ ಕಡೆ ಮಾಡಿ ಒಳಗೆ ಬಿಟ್ಟು, ಗಂಟಲ ಹಿಂದಕ್ಕೆ ಹೋದ ಮೇಲೆ ಅರ್ಧ ಸುತ್ತು ತಿರುಗಿಸಿದೆ. ಜಾರಿಕೊಂಡು ಹೋಗಿ ಕೂತಿತು. ಎದೆ ಎದ್ದಿತು.

ಸಂಜೆ ವಾರ್ಡಿನಲ್ಲಿ ಅವನ ತಾಯಿ ಸೆರಗಿನ ತುದಿ ತೋರಿಸಿದರು. "ಡಾಕ್ಟ್ರೇ, ಆಪರೇಷನ್ ಮಾಡಿದ್ದು ಕೆಳಗೆ ಅಲ್ವಾ, ಬಾಯಲ್ಲಿ ಯಾಕೆ ರಕ್ತ?" ನನಗೆ ಬಾಯಿ ಬರಲಿಲ್ಲ.

ಮಕ್ಕಳ ಬಾಯಿಗೆ ನಾಲಿಗೆ ದೊಡ್ಡದು, ಧ್ವನಿಪೆಟ್ಟಿಗೆ ಮೇಲಿರುತ್ತದೆ, ಎಪಿಗ್ಲಾಟಿಸ್ (ಶ್ವಾಸನಾಳದ ಬಾಯಿಯ ಮುಚ್ಚಳ) ಉದ್ದ ಮತ್ತು ಮೆತ್ತಗೆ, ಟಾನ್ಸಿಲ್ ಊದಿಕೊಂಡಿದ್ದರೆ ದಾರಿ ಇನ್ನೂ ಕಿರಿದು. ನೇರವಾಗಿ ತಳ್ಳಿದರೆ ಇವುಗಳಲ್ಲಿ ಯಾವುದಕ್ಕಾದರೂ ತುದಿ ತಾಗಿ ಮಡಚುತ್ತದೆ. ತಿರುಗಿಸಿ ಹಾಕಿದಾಗ ಮೊದಲ ಯತ್ನದಲ್ಲೇ ಕೂರುವುದು ಜಾಸ್ತಿ, ರಕ್ತ ಕಡಿಮೆ ಅಂತ ಮಕ್ಕಳಲ್ಲಿ ನಡೆದ ಹಲವು ಹೋಲಿಕೆಗಳೂ ಹೇಳಿವೆ. ಮೊದಲ ಯತ್ನ, ಮೊದಲ ಯತ್ನ. ನನಗೆ ಬೇರೆ ಲೆಕ್ಕವೇ ಬೇಡ. ಹಳೆ ವಿಧಾನದ ಮೇಲಿನ ಅಭಿಮಾನ ಮಗುವಿನ ಗಂಟಲಿಗಿಂತ ದೊಡ್ಡದಲ್ಲ.

ವಿರೋಧ: ನೇರ ವಿಧಾನವೇ ಮೊದಲಿರಲಿ
(ಚಿತ್ರದುರ್ಗದ ಅರಿವಳಿಕೆ ವೈದ್ಯ)

ಈ ಕಡೆ ನಿಂತು ಬರೆಯಿರಿ ಅಂತ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ನಾನೂ ಆಗೀಗ ತಿರುಗಿಸಿ ಹಾಕಿದ್ದೇನೆ. ಆದರೂ ಕಲಿಯುವವರಿಗೆ ಮೊದಲು ಕೊಡಬೇಕಾದ್ದು ನೇರ ವಿಧಾನ.

ಎಲ್‌ಎಂಎ ಕಂಡುಹಿಡಿದ ಬ್ರಿಟಿಷ್ ಅರಿವಳಿಕೆ ವೈದ್ಯ ಆರ್ಚಿ ಬ್ರೇನ್ 1983ರಲ್ಲಿ ಅದರ ಬಗ್ಗೆ ಮೊದಲು ಬರೆದರು. ಅವರ ವಿಧಾನದಲ್ಲಿ ಬೆರಳು ಮಾಡುವ ಕೆಲಸ, ತುತ್ತು ನುಂಗುವಾಗ ನಾಲಿಗೆ ಮಾಡುವ ಕೆಲಸವೇ. ತಿರುಗಿಸುವುದೆಂದರೆ ಬಾಟಲಿ ಮುಚ್ಚಳ ತಿರುವಿದ ಹಾಗಲ್ಲ. ನಮ್ಮಲ್ಲಿ ಕಲಿಯುತ್ತಿದ್ದ ಡಾಕ್ಟರ್ ಹುಡುಗನೊಬ್ಬ ತಿರುಗಿಸುವುದನ್ನು ಅರ್ಧಕ್ಕೇ ನಿಲ್ಲಿಸಿದ್ದ. ಕೊಳವೆಯ ಮೇಲಿನ ಕಪ್ಪು ಗೆರೆ ಮೇಲ್ದುಟಿಗೆ ನೇರವಾಗಿರಬೇಕಿತ್ತು, ಕೆನ್ನೆ ಕಡೆ ನೋಡುತ್ತಿತ್ತು, ಪ್ರತಿ ಉಸಿರಿಗೂ ಗಾಳಿ ಸೋರುತ್ತಿತ್ತು. ಆರು ವರ್ಷದ ಮಕ್ಕಳಲ್ಲಿ ಅಲುಗಾಡುವ ಹಾಲುಹಲ್ಲು ಬೇರೆ, ತಿರುಗಿಸುವಾಗ ತಾಗಬಹುದು.

ರಕ್ತದ ಮಾತು ಬಂತು. ಒರಟು ಕೈಯಾದರೆ ಹೇಗೆ ಹಾಕಿದರೂ ರಕ್ತ ಬರುತ್ತದೆ. ಎಷ್ಟೋ ಸಲ ತಪ್ಪು ವಿಧಾನದ್ದಲ್ಲ, ಅವಸರದ್ದು. ಅರಿವಳಿಕೆಗೆ ದವಡೆ ಸಡಿಲವಾಗುವ ಮೊದಲೇ ತಳ್ಳುತ್ತೇವೆ. ಅರ್ಧ ನಿಮಿಷ ಕಾದು, ದವಡೆ ಎತ್ತಿ ನೋಡಿ, ಆಮೇಲೆ ಹಾಕಿ.