ಲೈಟ್ ತಗೋರಿ ಮಾಸ್ತರ್

ಇನ್ವರ್ಟರ್ ಕೆಟ್ಟು ಇವತ್ತಿಗೆ ಮೂರು ದಿನ. ಕಲಬುರಗಿಯ ಮೇ ತಿಂಗಳು, ಹೊರಗೆ 42 ಡಿಗ್ರಿ. ರಿಪೇರಿ ಹುಡುಗನಿಗೆ ಮತ್ತೆ ಫೋನ್ ಮಾಡಿ, "ಮನ್ಯಾಗ ಲೈಟ್ ಇಲ್ಲಪಾ, ಲಗೂನ ಬಾ" ಅಂದೆ.

"ಲೈಟ್ ತಗೋರಿ ಮಾಸ್ತರ್, ನಾಳಿಗಿ ಬರ್ತೀನ್ರಿ" ಅಂದು ಫೋನ್ ಇಟ್ಟ.

ಎಲ್ಲಿಂದ ತಗೊಳ್ಳಲಿ? ಲೈಟ್ ಇಲ್ಲ ಅಂತಾನೇ ಅಲ್ವಾ ಫೋನ್ ಮಾಡಿದ್ದು! ಹಗುರವಾಗಿ ತಗೊಳ್ಳಿ, ತಲೆ ಕೆಡಿಸಿಕೊಳ್ಳಬೇಡಿ ಅನ್ನೋದು ಅವನ ಮಾತಿನ ಅರ್ಥ.

ಲೈಟ್ ಪದದ ಮೇಲೆ ನನಗೇನೂ ಸಿಟ್ಟಿಲ್ಲ. ಚಹಾ ಲೈಟ್, ಸೀರೆಯ ಬಣ್ಣ ಲೈಟ್, ರಾತ್ರಿ ಊಟ ಲೈಟ್. ನಮ್ಮ ಕಡೆ ಕರೆಂಟಿಗೂ ಲೈಟೇ. ಬೆಂಗಳೂರಿನ ಅಳಿಯ "ಕರೆಂಟ್ ಹೋಯ್ತು" ಅಂತಾರೆ. ನಮ್ಮಾಕೆ "ಲೈಟ್ ಹೋಗ್ಯಾವ" ಅಂತಾಳೆ, ಅದೂ ಬಹುವಚನದಲ್ಲಿ. ಸರಿಯಾಗೇ ಇದೆ, ಹೋಗುವಾಗ ಅವು ಒಂದೊಂದೇ ಹೋಗಲ್ಲವಲ್ಲ.

ಮಾಸ್ತರಿಕೆ ಬಿಟ್ಟರೂ ಚಟ ಬಿಟ್ಟಿಲ್ಲ, ಕೇಳಿ. ಇಂಗ್ಲಿಷಿನಲ್ಲಿ ಲೈಟ್ ಒಂದು ಪದವಲ್ಲ, ಎರಡು. ಬೆಳಕಿನ ಲೈಟಿನ ಬೇರು ಬೇರೆ, ಹಗುರ ಅನ್ನೋ ಲೈಟಿನ ಬೇರು ಬೇರೆ. ಸವೆದು ಸವೆದು ಎರಡರ ಸ್ಪೆಲಿಂಗೂ ಒಂದೇ ಆಗಿದೆ. ಹಗುರದ ಲೈಟು ಸಂಸ್ಕೃತದ ಲಘುವಿಗೆ ದೂರದ ನೆಂಟ. ಆ ಲಘುವೇ ನಮ್ಮ ಬಾಯಲ್ಲಿ 'ಲಗು'. ಅಂದರೆ ನಾನು ಹೇಳಿದ 'ಲಗೂನ'ಕ್ಕೂ ಆ ಹುಡುಗ ಹೇಳಿದ 'ಲೈಟ್'ಗೂ ಬೇರು ಒಂದೇ! ನಾನು ಬೇಗ ಬಾ ಅಂದೆ, ಆತ ಅದೇ ಬೇರಿನಿಂದ ಅವಸರ ಮಾಡಬೇಡ ಅಂದ.

ಈ 'ಲೈಟ್ ತಗೋ' ಹೈದರಾಬಾದಿನ 'ಲೈಟ್ ಲೋ' ಕಡೆಯದು. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲೇ ಇದ್ದವರು. ರಾಜ್ಯ ಬದಲಾದರೂ ಮಾತಿನ ಬಸ್ಸು ಓಡ್ತಾನೇ ಇದೆ.

ಭಾಷೆ ಹೀಗೇ ಬೆಳೆಯೋದು ಅಂತ ನೀವು ಕಮೆಂಟ್ ಹಾಕ್ತೀರಿ, ಗೊತ್ತು. ಬೆಳೀಲಿ ಬಿಡಿ. ಆದರೆ ನೋವು, ಸಾಲ, ಕೊಟ್ಟ ಮಾತು, ಎಲ್ಲಕ್ಕೂ ಲೈಟ್ ತಗೋ ಅಂದರೆ ಅದು ಜಾರಿಕೊಳ್ಳೋದು. ತಪ್ಪು ಅವನದು, ಹಗುರ ಆಗಬೇಕಾದವನು ಮಾತ್ರ ನಾನು!

ಇಷ್ಟು ಬರೆದು ನಮ್ಮಾಕೆಗೆ ಜೋರಾಗಿ ಓದಿ ಹೇಳಿದೆ. ಬೀಸಣಿಗೆ ಬೀಸೋದು ನಿಲ್ಲಿಸಿ ಕೇಳಿದಳು: "ಹ್ವಾದ ತಿಂಗಳ ಮೊಣಕಾಲ ನೋಯ್ತಾವ ಅಂದಾಗ ನೀವೇನ್ ಅಂದಿದ್ರಿ, ನೆನಪದ ಏನ್ರಿ?"

ನೆನಪಿದೆ. ಇದೇ ಮಾತು ಅಂದಿದ್ದೆ.

ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗ್ತೀನಿ. ಆ ಹುಡುಗ ಅಷ್ಟರಲ್ಲಿ ಬಂದರೆ ಬಾಗಿಲಲ್ಲಿ ಕಾಯಲಿ.